ಅಕ್ಕ ಬರೆದಿಟ್ಟ ಅಲೆಗಳು

ಸಂಜೆ ಆರು ಗಂಟೆ. ಕೆಲಸ ಮುಗಿಸಿ ಇಸಳೂರಿನ ಮನೆಗೆ ಬಂದರೆ ಅಕ್ಕನ ನೀಲಿ ಕುರ್ತಾ ಬಟ್ಟೆ ತಂತಿಯ ಮೇಲೆ ಒಣಗುತ್ತಿತ್ತು. ಫೋನಿನಲ್ಲಿ ಜಪಾನಿನ ಹಳೆಯ ಬಟ್ಟೆಗಳನ್ನು ನೋಡಿ, ತನ್ನದೇ ಅಲೆಗಳ ವಿನ್ಯಾಸವನ್ನು ಅದರ ತುಂಬ ಸೀಮೆಸುಣ್ಣದಲ್ಲಿ ಬರೆದಿದ್ದಳು. ಅರ್ಧಕ್ಕೆ ಬಿಳಿ ನೂಲಿನ ಹೊಲಿಗೆ ಹಾಕುವಷ್ಟರಲ್ಲಿ ತೀರಿಕೊಂಡಳು. ಉಳಿದ ಗೆರೆಗಳ ಮೇಲೆ ಈ ಭಾನುವಾರ ನಾನೇ ಹೊಲಿಯಬೇಕೆಂದು ಆ ಹೊಲಿಗೆ ಕಲಿಯುತ್ತಿದ್ದೆ.

ಪಕ್ಕದ ಮನೆಯ ಸುಬ್ಬತ್ತೆ ಖುಷಿಯಿಂದ ಬಂದರು. "ಬಟ್ಟೆ ತುಂಬ ಸೀಮೆಸುಣ್ಣ ಇತ್ತಲೆ ಕೂಸೆ! ತಿಕ್ಕಿ ತೊಳದ್ದಿ. ಈಗ ಒಂದು ಗೆರೆನೂ ಇಲ್ಲೆ ನೋಡು."

"ಚೊಲೋ ಆತು ಅತ್ತೆ," ಎಂದೆ.

ಸ್ನೇಹಿತರೇ, ಸುಬ್ಬತ್ತೆಯಷ್ಟು ಚೊಕ್ಕಟವಾಗಿ ಬಟ್ಟೆ ಒಗೆಯುವವರು ನಮ್ಮ ಬೀದಿಯಲ್ಲಿ ಇನ್ನೊಬ್ಬರಿಲ್ಲ. ಅರ್ಧ ಬಟ್ಟೆಯಲ್ಲಿ ಅಲೆಗಳಿವೆ, ಇನ್ನರ್ಧ ಬರೀ ನೀಲಿ.

ನಾಳೆ ಭಾನುವಾರ.