ಬೆಚ್ಚಗಿನ ಹಾಲಿನಲ್ಲಿ ಔಡಲೆಣ್ಣೆ

ನನಗೆ ಬಸಿರಿನ ಏಳನೇ ತಿಂಗಳು ನಡೆಯುತ್ತಿತ್ತು. ಕಬ್ಬಿಣಾಂಶದ ಮಾತ್ರೆ ಹೊಟ್ಟೆ ಕಟ್ಟಿಸಿತ್ತು. ಕಲ್ಯಾಣದಿಂದ ಠಾಣೆಗೆ, ಅಲ್ಲಿ ಗಾಡಿ ಬದಲಿಸಿ ಬೇಲಾಪುರಕ್ಕೆ ಹೋಗಿ, ನರ್ಸಿಂಗ್ ಹುಡುಗಿಯರಿಗೆ ಕರುಳು ಹೇಗೆ ಕೆಲಸ ಮಾಡುತ್ತದೆಂದು ಪಾಠ ಹೇಳುವವಳು ನಾನು. ನನ್ನ ಕರುಳೇ ನಾಲ್ಕು ದಿನದಿಂದ ಮುಷ್ಕರ ಹೂಡಿತ್ತು. ನಾಚಿಕೆಗೇಡು!

ಭಾನುವಾರ ಬೆಳಿಗ್ಗೆ ಅತ್ತೆ ಬೆಚ್ಚಗಿನ ಹಾಲಿನ ಲೋಟ ಹಿಡಿದು ಬಂದರು. ಔಡಲೆಣ್ಣೆ ಹಾಕಿದ್ದೇನೆ, ಗಟಗಟ ಕುಡಿದುಬಿಡು ಎಂದರು. ಅವರು ಧಾರವಾಡದ ಕಡೆಯವರು, ನಾನು ಉಡುಪಿಯವಳು. ಮದುವೆಯಾಗಿ ಎರಡು ವರ್ಷವಾದರೂ ಅವರ ಅರ್ಧ ಮಾತಿಗೆ ಸುಮ್ಮನೆ ತಲೆಯಾಡಿಸುತ್ತಿದ್ದೆ. ಔಡಲ ಎಂದರೆ ಎಳ್ಳಿನ ಜಾತಿಯ ಏನೋ ಇರಬೇಕೆಂದುಕೊಂಡು ಲೋಟವನ್ನು ತುಟಿಗೆ ತಂದೆ. ವಾಸನೆ ಮೂಗಿಗೆ ಬಡಿಯಿತು. ಬಾಟಲಿ ತೋರಿಸಿ ಎಂದೆ. ಅದರ ಮೇಲೆ ಮರಾಠಿಯಲ್ಲಿ ಎರಂಡೇಲ್ ಎಂದಿತ್ತು. ಅಯ್ಯೋ ದೇವರೇ, ನಮ್ಮ ಹರಳೆಣ್ಣೆ!

ಲೋಟ ಕೆಳಗಿಟ್ಟೆ. ಸಿಟ್ಟು ಬಂದರೆ ನನ್ನ ಪಾಠ ಶುರುವಾಗುತ್ತದೆ. ತುಪ್ಪದಂಥ ಬೇರೆ ಜಿಡ್ಡಿನ ಕೊಬ್ಬಿನಾಮ್ಲ ಸಣ್ಣ ಕರುಳಿನ ಕೊನೆಯವರೆಗೆ ತಲುಪಿದರೆ ಕರುಳಿನ ಚಲನೆ ನಿಧಾನವಾಗುತ್ತದೆ, ಹರಳೆಣ್ಣೆಯ ಆಮ್ಲ ಹಾಗಲ್ಲ, ಅದು ಕರುಳಿನ ಸ್ನಾಯುವನ್ನೇ ಹಿಂಡಿಸುತ್ತದೆ, ಅದಕ್ಕೇ ಭೇದಿ ಎಂದೆ. ಅದಕ್ಕೆ ಓಗೊಡುವ ಸ್ನಾಯು ಗರ್ಭಕೋಶದಲ್ಲೂ ಇದೆ, ದಿನ ತುಂಬುವ ಮೊದಲೇ ಅದು ಹಿಂಡತೊಡಗಿದರೆ ಮಗುವಿನ ಗತಿಯೇನು ಎಂದೂ ಕೇಳಿದೆ. ನನ್ನ ಮಾತಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಈಗಲೂ ಅದನ್ನೇ ಹೇಳುತ್ತೇನೆ.

ಅತ್ತೆ ವಾದಕ್ಕೆ ನಿಲ್ಲುತ್ತಾರೆಂದು ಕಾದೆ. ಅವರು ಕುರ್ಚಿ ಎಳೆದುಕೊಂಡು ಕುಳಿತರು.

"ನನಗೂ ಏಳರಾಗ ನಮ್ಮವ್ವ ಕುಡಿಸಿದ್ಳು," ಎಂದರು. "ಮರುದಿನಾನ ಹಡದೆ. ಹೆಣ್ಣು. ಸಂಜೀತನಕ ಇತ್ತು."

ನನ್ನ ಗಂಡನೇ ಆ ಮನೆಯ ಚೊಚ್ಚಲ ಮಗು ಎಂದು ನಾನೂ ನಂಬಿದ್ದೆ, ಅವನೂ ನಂಬಿದ್ದ.

"ಆ ಎಣ್ಣಿಯಿಂದನ ಆತೇನು?"

ಹಾಗೆ ಹೇಳಲಾಗದು, ಎಷ್ಟೋ ಹೆರಿಗೆಗಳು ಏನೂ ಕಾರಣವಿಲ್ಲದೆ ಮುಂಚೆಯೇ ಆಗಿಬಿಡುತ್ತವೆ ಎಂದೆ. ಅದೂ ನಿಜವೇ. ಆದರೆ ಅವರ ಮನಸ್ಸಿಗೆ ಇಳಿದದ್ದು ನನ್ನ ಮೊದಲಿನ ಪಾಠ. ಇಷ್ಟು ಚೆನ್ನಾಗಿ ಪಾಠ ಹೇಳಬಾರದಿತ್ತು ಎಂದು ಬದುಕಿನಲ್ಲಿ ಒಮ್ಮೆ ಅನ್ನಿಸಿದ್ದರೆ ಅದು ಅವತ್ತೇ.

ಅತ್ತೆ ಎದ್ದು ಹಾಲನ್ನು ಸಿಂಕಿಗೆ ಸುರಿದರು. ನನ್ನ ಕಡೆ ತಿರುಗಲಿಲ್ಲ.

"ನಮ್ಮವ್ವಗ ಇದು ಗೊತ್ತಿದ್ದಿಲ್ಲವ್ವಾ. ಗೊತ್ತಿದ್ರ ಕೊಡ್ತಿದ್ದಿಲ್ಲ."

"ಇಲ್ಲ ಅತ್ತೆ," ಎಂದೆ. "ಖಂಡಿತ ಕೊಡ್ತಿರಲಿಲ್ಲ."