ಬೀಳಲೊಪ್ಪದ ಅಪ್ಪ

ಯುದ್ಧದಲ್ಲಿ ಅಪ್ಪನನ್ನೇ ಕೆಡವುವ ಮಹಾವೀರ ಮಗನ ಪಾರ್ಟು ಅಂದರೆ ಅರಕಲಗೂಡು ಸೀಮೆಗೆಲ್ಲ ನಾನೊಬ್ಬನೇ. ಕೊಣನೂರಿನ ನಾಟಕಕ್ಕೂ ನನ್ನನ್ನೇ ಕರೆಸಿದ್ದರು. ಅಪ್ಪನ ಪಾರ್ಟು ಆ ಊರಿನ ಗೌಡರದು.

ಬಾಣ ಬಿಟ್ಟೆ, ಗೌಡರು ಬೀಳಲಿಲ್ಲ. ಇನ್ನೊಂದು ಬಿಟ್ಟೆ, ಮೀಸೆ ತಿರುವಿದರು. ಅವರು ಬಿದ್ದ ಮೇಲೆ ನಾನು ಅತ್ತು ಹಾಡಬೇಕು. ನನಗೆ ಹೆಸರು ತಂದದ್ದೇ ಆ ಹಾಡು.

"ಬೀಳಿ ಗೌಡ್ರೇ," ಎಂದೆ ಮೆಲ್ಲಗೆ.

"ನನ್ ಮಕ್ಳು ಮುಂದೇನೇ ಕುಂತವ್ರೆ ಕಣ್ಲಾ. ನಿನ್ನಂಥೋನ್ ಕೈಲಿ ಬಿದ್ರೆ ನಾಳೆಯಿಂದ ನನ್ ಮಾತು ಕೇಳ್ತಾವಾ?"

ಹಾರ್ಮೋನಿಯಂ ಮೇಷ್ಟ್ರು ಅದೇ ರಾಗ ಎಳೆದೆಳೆದು ಸುಸ್ತಾದರು. ಅಷ್ಟರಲ್ಲಿ ಗೌಡರ ಕಿರಿಮಗಳು ಚಾಪೆಯಿಂದ ಎದ್ದು ನಿಂತು ಕೂಗಿದಳು: "ಅಪ್ಪಾ, ಬೇಗ ಸತ್ತೋಗಪ್ಪಾ, ನಿದ್ದೆ ಬತ್ತದೆ!"

ಗೌಡರು ಕಿರೀಟ ತೆಗೆದು ಪಕ್ಕಕ್ಕಿಟ್ಟು ತಣ್ಣಗೆ ಮಲಗಿಬಿಟ್ಟರು.

ಅವರು ಬಿದ್ದದ್ದು ನನ್ನ ಬಾಣಕ್ಕೇ ಅಂತ ನಮ್ಮೂರು ಹಿರೀಸಾವೆಯ ಜನ ಇವತ್ತಿಗೂ ನಂಬಿದ್ದಾರೆ. ಹೇಳಿದವನು ನಾನಲ್ಲವೇ, ನಂಬದೆ ಏನು!