ಕೆಂಪಿಯ ದವಡೆಯಲ್ಲಿ ಉಳಿದ ಬೇರು

ಮೊದಲಿಗೆ ಅದು ಕಣ್ಣಿನ ತೊಂದರೆ ಎಂದುಕೊಂಡೆವು.

ಬೆಳಿಗ್ಗೆ ನಾನು ಡ್ಯೂಟಿಗೆ ಹೊರಟಾಗ ಕೆಂಪಿ ಬಾಗಿಲ ತನಕ ಬರಲಿಲ್ಲ. ಮಂಚದ ಪಕ್ಕ ಮಲಗಿತ್ತು. ಎಡಗಣ್ಣಿನ ಕೆಳಗೆ ಸಣ್ಣ ಊತ. ಕಣಜ ಕಡಿದಿರಬೇಕೆಂದು ಅವ್ವ ಅರಿಶಿಣ ಹಚ್ಚಿದಳು. ಸಂಜೆ ಬರುವಷ್ಟರಲ್ಲಿ ಊತ ನಿಂಬೆಹಣ್ಣಿನಷ್ಟಾಗಿ ಕಣ್ಣು ಅರ್ಧ ಮುಚ್ಚಿತ್ತು.

ಕೆಂಪಿ ನಮ್ಮ ನಾಯಿ. ಹುಟ್ಟಿದ್ದು ಬಿಳಿ. ಸಂಡೂರಿನಲ್ಲಿ ಅದಿರಿನ ಧೂಳು ಯಾವ ಬಿಳಿಯನ್ನೂ ಬಿಳಿಯಾಗಿ ಉಳಿಸುವುದಿಲ್ಲ. ಎಷ್ಟು ತೊಳೆದರೂ ಎರಡು ದಿನಕ್ಕೆ ಕೆಂಪು. ಅದಕ್ಕೇ ಆ ಹೆಸರು. ನಾನು ಅದನ್ನು ‘ಅದು’ ಎನ್ನುತ್ತೇನೆ, ಅವ್ವ ‘ಆಕಿ’ ಎನ್ನುತ್ತಾಳೆ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾವು ಮೂವರೇ. ವಡ್ಡು ಊರಿನ ಕಡೆಯ ಒಂದು ಲ್ಯಾಬಿನಲ್ಲಿ ಅದಿರಿನ ಸ್ಯಾಂಪಲ್ ಪರೀಕ್ಷೆ ಮಾಡುವ ಕೆಲಸ ನನ್ನದು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಟ್ಯೂಷನ್ ಹೇಳಿಕೊಂಡು, ಬೇರೆಯವರ ಹಳೆಯ ಪುಸ್ತಕ ಇಸಿದುಕೊಂಡು ಎಂ.ಎಸ್ಸಿ. ತನಕ ಹೋದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ಸುಮ್ಮನೆ ಕೊಟ್ಟಿದ್ದಲ್ಲ ಅದು.

ಮೆಡಿಕಲ್ ಶಾಪಿನಿಂದ ಕಣ್ಣಿನ ಡ್ರಾಪ್ಸ್ ತಂದೆ. ಎರಡು ದಿನಕ್ಕೆ ಊತ ಒಡೆಯಿತು. ಕೀವು, ರಕ್ತ, ವಾಸನೆ. ಒಡೆದ ಮೇಲೆ ಕೆಂಪಿ ಗೆಲುವಾಯಿತು, ಊಟ ಮಾಡಿತು. ಮುಗಿಯಿತು ಎಂದುಕೊಂಡೆವು. ಸ್ವಲ್ಪ ದಿನ ಬಿಟ್ಟು ಅದೇ ಜಾಗದಲ್ಲಿ ಮತ್ತೆ ಬಂತು.

ಆಗ ಮೆಟ್ರಿ ಎಂಬ ಹಳ್ಳಿಯಿಂದ ನನ್ನ ಸೋದರಮಾವ ಬಂದಿದ್ದ. ಒಕ್ಕಲುತನದವನು, ಎತ್ತಿನ ಹಲ್ಲು ಎಣಿಸಿ ವಯಸ್ಸು ಹೇಳಿ ರೂಢಿ. ಕೆಂಪಿಯ ತುಟಿ ಎತ್ತಿ ನೋಡಿದ. ಮೇಲಿನ ಸಾಲಿನ ದೊಡ್ಡ ಹಲ್ಲು ಅರ್ಧಕ್ಕೆ ಸೀಳಿತ್ತು.

“ಕಣ್ಣಲ್ಲವ್ವಾ ಇದು, ಹಲ್ಲು. ಎಂ.ಎಸ್ಸಿ. ಮಾಡೀದಿ, ನಾಯಿಗೆ ಬಾಯಿ ಎಲ್ಲಿರತೈತಿ ಅಂತ ಕಾಲೇಜಿನ್ಯಾಗ ಹೇಳಿಕೊಡಲಿಲ್ಲೇನು?”

ಮಾವನ ಮಾತು ಹೀಗೇ. ಸಿಟ್ಟು ಬಂದರೂ ಅವನು ಹೇಳಿದ್ದು ಸರಿ ಇತ್ತು. ಆಮೇಲೆ ಮಾಡಿದ್ದು ಸರಿ ಇರಲಿಲ್ಲ. ತನ್ನೂರಿನ ಕಡೆ ದನಗಳ ಕೊಂಬು, ಹಲ್ಲು ನೋಡುವ ಒಬ್ಬನಿದ್ದಾನೆ, ಒಂದೇ ಏಟಿಗೆ ಕಿತ್ತುಕೊಡುತ್ತಾನೆ ಎಂದು ನಮ್ಮನ್ನೆಲ್ಲ ಕರೆದುಕೊಂಡು ಹೋದ. ನಾವು ಹೋದೆವು. ಆ ಮನುಷ್ಯ ಒಂದು ಇಕ್ಕಳ ತಂದ. ಮಾವ ಕೆಂಪಿಯ ಮೈ ಅದುಮಿ ಹಿಡಿದ, ನಾನು ಕಾಲು ಹಿಡಿದೆ. ಅವ್ವ ಮುಖ ಆ ಕಡೆ ತಿರುಗಿಸಿದಳು. ಒಣಕಟ್ಟಿಗೆ ಮುರಿದಂಥ ಸದ್ದಾಯಿತು. ಬಂತು ಎಂದು ಮಾವ ಖುಷಿಪಟ್ಟ.

ಬಂದದ್ದು ಮೇಲಿನ ತುಂಡು ಮಾತ್ರ.

ಅದು ನಮಗೆ ಆಗ ಗೊತ್ತಾಗಲಿಲ್ಲ. ಮನೆಗೆ ಬಂದ ಕೆಂಪಿ ಮಂಚದ ಅಡಿಗೆ ಹೋಗಿ ಕುಳಿತದ್ದು ಹೊರಗೆ ಬರಲೇ ಇಲ್ಲ. ನೀರು ಕುಡಿಯಲು ಬಾಯಿ ಓರೆ ಮಾಡುತ್ತಿತ್ತು. ಮುಖ ಮತ್ತೆ ಊದಿತು, ಮೊದಲಿಗಿಂತ ದೊಡ್ಡದಾಗಿ. ಅವ್ವ ಹಾಲನ್ನ ಕಿವುಚಿಕೊಂಡು ಮಂಚದ ಅಡಿ ಕೈ ಚಾಚಿ ಗಲ್ಲ ಸವರಿ ತಿನ್ನಿಸಲು ಹೋದಳು. ಮರಿ ಇದ್ದಾಗಿನಿಂದ ಕೆಂಪಿಗೆ ಅವಳು ಹಾಗೇ ತಿನ್ನಿಸಿದ್ದು.

ಕೆಂಪಿ ಅವ್ವನ ಕೈ ಕಚ್ಚಿತು.

ಗಾಯ ಆಳವಾಗಿರಲಿಲ್ಲ. ಸೋಪು ಹಚ್ಚಿ ನಲ್ಲಿಯ ಕೆಳಗೆ ತೊಳೆದು, ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿದೆವು. ಅವ್ವ ಕೈಗೆ ಬಟ್ಟೆ ಸುತ್ತಿಕೊಂಡು ಗೋಡೆಗೆ ಒರಗಿ ಕುಳಿತಳು. ಮಾವ ಫೋನಿನಲ್ಲಿ, ಕಚ್ಚುವುದು ಕಲಿತ ನಾಯಿ ಮನೆಯಲ್ಲಿ ಬ್ಯಾಡ, ಹೊಲದ ಪಂಪ್‌ಸೆಟ್ ಶೆಡ್ಡಿನಲ್ಲಿ ಸರಪಳಿ ಹಾಕಿ ಕಟ್ಟೋಣ ಎಂದ. ಅವ್ವ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅದು ನನಗೆ ಕಚ್ಚಿದ್ದಕ್ಕಿಂತ ಹೆಚ್ಚು ಹೆದರಿಕೆ ತಂದಿತು.

ಹೊಸಪೇಟೆಯಲ್ಲಿ ಪ್ರಾಣಿಗಳ ಹಲ್ಲು ನೋಡುವ ಒಬ್ಬ ಡಾಕ್ಟರಮ್ಮ ಇದ್ದಾರೆಂದು ಲ್ಯಾಬಿನ ಸಹೋದ್ಯೋಗಿಯೊಬ್ಬರು ಹೇಳಿದರು. ಮರುದಿನವೇ ರಜೆ ಹಾಕಿ ಕಾರು ಮಾಡಿಕೊಂಡು ಹೊರಟೆವು. ಮಾವನೂ ಬಂದ, ಕರೆಯದಿದ್ದರೂ. ಘಾಟಿಯ ತಿರುವಿನಲ್ಲಿ ಅದಿರಿನ ಲಾರಿಗಳ ಹಿಂದೆ ನಿಧಾನಕ್ಕೆ ಹೋಗುವಾಗ, ಹಿಂದಿನ ಸೀಟಿನಲ್ಲಿ ಬಾಯಿಗೆ ಪಟ್ಟಿ ಕಟ್ಟಿಸಿಕೊಂಡ ಕೆಂಪಿಯ ಉಸಿರು ನನ್ನ ಮೊಣಕಾಲಿಗೆ ಬಿಸಿಯಾಗಿ ತಾಗುತ್ತಿತ್ತು. ಆ ಉಸಿರಿನ ವಾಸನೆ ತಡೆಯಲಾಗುತ್ತಿರಲಿಲ್ಲ. ಇಷ್ಟು ಕೆಟ್ಟದ್ದನ್ನು ಬಾಯಲ್ಲಿ ಇಟ್ಟುಕೊಂಡು ಅದು ಇಷ್ಟು ದಿನ ನನ್ನನ್ನು ಕಳಿಸಲು ಬಾಗಿಲ ತನಕ ಬರುತ್ತಿತ್ತಲ್ಲ ಎಂದು ಅದರ ಕಿವಿ ಸವರಿದೆ.

ಡಾಕ್ಟರಮ್ಮ ನನಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು. ಮಂಪರಿನ ಇಂಜೆಕ್ಷನ್ ಕೊಟ್ಟು ಎಕ್ಸ್‌ರೇ ತೆಗೆದರು. ಸ್ಕ್ರೀನಿನಲ್ಲಿ ಬೆರಳಿಟ್ಟು ತೋರಿಸಿದರು. ಆ ಹಲ್ಲಿಗೆ ಮೂರು ಬೇರು. ಮೂರೂ ಒಳಗೇ ಇದ್ದವು. ತುದಿಯ ಸುತ್ತ ಎಲುಬು ಕರಗಿ ಕಪ್ಪು ಕಲೆಯಾಗಿತ್ತು. ಬೇರಿನ ಕೀವು ಕಣ್ಣಿನ ಕೆಳಗೆ ದಾರಿ ಮಾಡಿಕೊಂಡಿತ್ತು, ಅಷ್ಟೇ. ಕಣ್ಣಿಗೆ ಏನೂ ಆಗಿರಲಿಲ್ಲ.

ಹಲ್ಲು ಸೀಳಲು ಕಾರಣ ಏನಿರಬಹುದು, ಎಲುಬು ಕಡಿಯುತ್ತದೆಯೇ ಎಂದು ಕೇಳಿದರು.

ಅವ್ವ ನೆಟ್ಟಗೆ ಕುಳಿತಳು. “ಎಲುಬು ನಮ್ಮ ಮನ್ಯಾಗ ಬರಂಗಿಲ್ರಿ. ಲಿಂಗಪೂಜಿ ಮನಿ. ಆಕಿಗೆ ನಾನು ಕಲ್ಲು ಕೊಟ್ಟೀನ್ರಿ.”

ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನೇ ವಿವರಿಸಬೇಕಾಯಿತು. ಕೆಂಪಿ ಸಣ್ಣದಿದ್ದಾಗ ಬೀದಿಯಿಂದ ಒಂದು ಎಲುಬು ಕಚ್ಚಿಕೊಂಡು ಒಳಗೆ ಬಂದಿತ್ತು. ಅವ್ವ ಅದನ್ನು ಕಸಬರಿಗೆಯಿಂದ ಹೊರಗೆ ದೂಡಿ, ನೆಲ ಸಾರಿಸಿ, ಪಾಪ ಕೂಸಿಗೆ ಕಡಿಯಲು ಏನಾದರೂ ಬೇಕಲ್ಲ ಎಂದು ಅಂಗಳದಲ್ಲಿ ಬಿದ್ದಿದ್ದ ದುಂಡನೆಯ ಅದಿರಿನ ಕಲ್ಲು ಕೊಟ್ಟಳು. ಅಂದಿನಿಂದ ಅದೇ ಆಟ. ಮಧ್ಯಾಹ್ನವೆಲ್ಲ ಕಟಕಟ ಕಡಿಯುತ್ತಿತ್ತು. ಮನೆಗೆ ಬಂದವರಿಗೆ ಅವ್ವ ತೋರಿಸುತ್ತಿದ್ದಳು, ನಮ್ಮ ಕೆಂಪಿ ಕಬ್ಬಿಣ ತಿಂತಾಳ ಎಂದು. ಆ ಕಲ್ಲು ಎಷ್ಟು ಗಟ್ಟಿ ಎಂದು ದಿನಾ ಲ್ಯಾಬಿನಲ್ಲಿ ನೋಡುವ ನಾನೂ ಅವಳ ಜೊತೆ ನಗುತ್ತಿದ್ದೆ.

ಡಾಕ್ಟರಮ್ಮ ಬಯ್ಯಲಿಲ್ಲ. ಗಟ್ಟಿ ಎಲುಬು ಕೊಟ್ಟಿದ್ದರೂ ಹೀಗೇ ಆಗುತ್ತಿತ್ತು, ಎಷ್ಟೋ ನಾಯಿಗಳಿಗೆ ಆಗಿದೆ ಎಂದರು. ಅವ್ವ ತಲೆ ಆಡಿಸಿದಳು. ಕಣ್ಣು ಮಾತ್ರ ತನ್ನ ಬಟ್ಟೆ ಸುತ್ತಿದ ಕೈ ಮೇಲಿತ್ತು.

ಇಕ್ಕಳ ತಂದಿದ್ದ ಮನುಷ್ಯನನ್ನು ನಾನು ಏನೂ ಕೇಳಿರಲಿಲ್ಲ. ಇಲ್ಲಿ ಕೇಳಿದೆ. ಯಾವುದರಿಂದ ತೆಗೆಯುತ್ತೀರಿ, ಹೇಗೆ ತೆಗೆಯುತ್ತೀರಿ, ಮತ್ತೆ ಮುರಿದರೆ ಏನು. ಮಾವ ನನ್ನ ತೋಳು ಜಗ್ಗಿದ, ದೊಡ್ಡೋರಿಗೆ ಹಂಗ ಕೇಳಬಾರದು ಎಂದು. ನಮ್ಮ ಕಡೆ ಡಾಕ್ಟರರ ಮುಂದೆ ಕೈ ಕಟ್ಟಿ ನಿಲ್ಲುವುದೇ ಮರ್ಯಾದೆ. ನಾನು ಕೈ ಬಿಡಿಸಿಕೊಂಡೆ. ಕೇಳುವುದಕ್ಕೇ ನಾನು ಓದಿದ್ದು.

ಡಾಕ್ಟರಮ್ಮ ಟ್ರೇ ತಂದು ತೋರಿಸಿದರು. ನಾನು ನೆನೆಸಿದಂತೆ ಅಲ್ಲಿ ದೊಡ್ಡ ಇಕ್ಕಳಗಳ ಸಾಲು ಇರಲಿಲ್ಲ. ಸಣ್ಣ ಸ್ಕ್ರೂಡ್ರೈವರಿನಂಥವು ಇದ್ದವು. ಹಿಡಿ ಗುಂಡಗೆ, ಅಂಗೈಯಲ್ಲಿ ಕೂರುವಂತೆ. ತುದಿ ಮಾತ್ರ ಉಗುರಿನಷ್ಟು ತೆಳು, ಹಲ್ಲಿನ ಮೈಗೆ ಹೊಂದುವಂತೆ ಒಳಕ್ಕೆ ಬಾಗಿತ್ತು. ಲಕ್ಸೇಟರ್ ಎಂದರು. ಬೇರೆ ಬೇರೆ ಅಗಲದವು, ಬೆಕ್ಕಿನ ಬೇರಿಗೆ ಬೇರೆ, ನಾಯಿಯ ಬೇರಿಗೆ ಬೇರೆ. ಇಕ್ಕಳವೂ ಒಂದಿತ್ತು, ಆಟಿಕೆಯಷ್ಟು ಸಣ್ಣದು.

“ಎಳೆಯೋದು ಕಡೀಕ್ರಿ. ಹಲ್ಲಿಗೂ ಎಲುಬಿಗೂ ನಡುವ ನಾರಿನಂಥ ಹಿಡಿತ ಇರ್ತದ. ಇದನ್ನ ಆ ಸಂದಿನ್ಯಾಗ ಇಳಿಸಿ ಅದನ್ನ ಕೊಯ್ಕೊಂತ ಹೋಗ್ತೀನಿ. ಒತ್ತೋದು, ಹಂಗ ಹಿಡಕೊಂಡು ಕಾಯೋದು. ದಣಿದು ತಾನ ಬಿಡ್ತದ. ಜಲ್ದಿ ಮಾಡಿದ್ರ ಮತ್ತ ಮುರಿತದ.”

ಮೂರು ಬೇರನ್ನೂ ಡ್ರಿಲ್ಲಿನಿಂದ ಮೊದಲು ಬಿಡಿ ಮಾಡಿ, ಒಂದೊಂದಾಗಿ ಬಿಡಿಸುತ್ತಾರಂತೆ. ಆದರೂ ಭರವಸೆ ಕೊಡಲಿಲ್ಲ. ಎಲುಬು ತೆಳ್ಳಗಾಗಿದೆ. ಜೋರು ಬಿದ್ದರೆ ಬೇರಿನ ತುದಿ ಮೂಗಿನ ಒಳಕ್ಕೆ ಜಾರಬಹುದು. ಕಣ್ಣು ಬೆರಳಗಲದಲ್ಲಿದೆ. ವಯಸ್ಸಾದ ನಾಯಿ, ಅನಸ್ತೇಶಿಯಾದ ಅಪಾಯ ಇದ್ದೇ ಇದೆ. ರಕ್ತಪರೀಕ್ಷೆ ಪರವಾಗಿಲ್ಲ ಎಂದು ಬಂದ ಮೇಲೆ ನಾನು ಸಹಿ ಹಾಕಿದೆ.

ಕೆಂಪಿಯನ್ನು ಒಳಗೆ ಒಯ್ಯುವಾಗ ಅವ್ವ ಎದ್ದು ಡಾಕ್ಟರಮ್ಮನಿಗೆ ಅಡ್ಡ ನಿಂತಳು.

“ಬೇರು ಬರಲಿಲ್ಲಂದ್ರ ಆಕೀನ್ನ ಎಬ್ಬಿಸಬ್ಯಾಡ್ರಿ.”

ಮಾವ ನೆಲ ನೋಡಿದ. ನಾಯಿಯನ್ನು ಶೆಡ್ಡಿಗೆ ಕಟ್ಟುವ ಮಾತಿಗೆ ಅವ್ವ ಸುಮ್ಮನಿದ್ದದ್ದು ಏಕೆಂದು ನನಗೆ ಆಗ ತಿಳಿಯಿತು. ಅವಳು ಆಗಲೇ ಅದಕ್ಕಿಂತ ಮುಂದಕ್ಕೆ ಯೋಚಿಸಿಬಿಟ್ಟಿದ್ದಳು. ಅವಳ ಲೆಕ್ಕದಲ್ಲಿ ಕಚ್ಚಿದ್ದು ತಪ್ಪಲ್ಲ. ಅಷ್ಟು ನೋವು ಇಟ್ಟುಕೊಂಡು ಬದುಕಿಸುವುದು ತಪ್ಪು.

“ಎಬ್ಬಿಸ್ತೀನಿ ಯವ್ವಾ,” ಎಂದರು ಡಾಕ್ಟರಮ್ಮ. “ಬರಲಿಲ್ಲಂದ್ರ ಇನ್ನೊಂದು ದಿನ ಮಾಡ್ತೀನಿ. ಎಬ್ಬಿಸೋದಂತೂ ಎಬ್ಬಿಸ್ತೀನಿ.”

ಬಾಗಿಲು ಮುಚ್ಚಿತು. ಹೊರಗೆ ಬೆಂಚು. ಡ್ರಿಲ್ಲಿನ ಸದ್ದು ಸಣ್ಣಗೆ ಕೇಳಿ ನಿಂತಿತು. ಸದ್ದು ಇದ್ದಾಗ ಹೆದರಿಕೆ, ನಿಂತಾಗ ಇನ್ನೂ ಹೆದರಿಕೆ. ಒಳಗಿನ ಮಾನಿಟರಿನ ಬೀಪ್ ಮಾತ್ರ ಕಿವಿಗೆ ಬೀಳುತ್ತಿತ್ತು. ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆದಾಗಲೆಲ್ಲ ಅದು ಮುಳುಗಿ, ಮತ್ತೆ ಕೇಳುವ ತನಕ ನಾನು ಉಸಿರು ಬಿಡುತ್ತಿರಲಿಲ್ಲ. ಮಾವ ಮೂರು ಚಹಾ ತಂದ. ಯಾರೂ ಕುಡಿಯದೆ ಕೆನೆ ಕಟ್ಟಿತು.

ಬಹಳ ಹೊತ್ತಿನ ಮೇಲೆ ಬಾಗಿಲು ಸ್ವಲ್ಪ ತೆರೆಯಿತು. ಎರಡು ಬಂದಿವೆ, ಮೂರನೆಯದು ಹಟ ಮಾಡುತ್ತಿದೆ, ಅವಸರ ಮಾಡುವುದಿಲ್ಲ ಎಂದು ಡಾಕ್ಟರಮ್ಮ ಹೇಳಿ ಮತ್ತೆ ಮುಚ್ಚಿದರು.

ನಾನು ಅಳಲು ಶುರು ಮಾಡಿದೆ. ಡಿಗ್ರಿ, ಕೆಲಸ, ಇಂಗ್ಲಿಷ್, ಯಾವುದೂ ಆ ಬೆಂಚಿನ ಮೇಲೆ ಉಪಯೋಗಕ್ಕೆ ಬರಲಿಲ್ಲ. ಒಂದು ತೆಳು ತುದಿಯ ಕಬ್ಬಿಣ, ಅದನ್ನು ಹಿಡಿದ ಒಬ್ಬ ಹೆಂಗಸಿನ ಮಣಿಕಟ್ಟು, ಆ ಮಣಿಕಟ್ಟಿನ ತಾಳ್ಮೆ, ಇಷ್ಟರ ಮೇಲೆ ನಮ್ಮ ಮನೆ ನಿಂತಿತ್ತು. ಮಾವ ಪಕ್ಕಕ್ಕೆ ಸರಿದು ಕುಳಿತ. “ನಾನು ಆವತ್ತು ಆಕಿ ಮ್ಯಾಲೆ ಕುಂತು ಅದುಮಿದ್ನಲ್ಲ,” ಎಂದ. ಅಷ್ಟೇ ಹೇಳಿದ. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು.

ಕೊನೆಗೆ ಡಾಕ್ಟರಮ್ಮ ಸ್ಟೀಲ್ ಬಟ್ಟಲು ಹಿಡಿದು ಬಂದರು. ಮೂರು ಬೇರು, ಮೂರಕ್ಕೂ ಚೂಪು ತುದಿ ಪೂರ್ತಿ ಇತ್ತು. ಬಾಯಲ್ಲಿ ಕಾಣುತ್ತಿದ್ದ ಹಲ್ಲಿಗಿಂತ ಉದ್ದ. ಮಾವ ಬಗ್ಗಿ ನೋಡಿದ, ಬೆರಳಿನಿಂದ ಒಂದನ್ನು ಹೊರಳಿಸಿದ.

“ಇಷ್ಟು ಒಳಗಿತ್ತೇನ್ರೀ?” ಎಂದ. ಅವನು ಅಷ್ಟು ಮೆತ್ತಗೆ ಮಾತಾಡಿದ್ದು ನಾನು ಕೇಳಿರಲಿಲ್ಲ.

ಕೆಂಪಿಗೆ ಎಚ್ಚರವಾಗುವುದು ತಡವಾಯಿತು. ಮೈ ತಣ್ಣಗಿತ್ತು. ಕಂಬಳಿ ಹೊದಿಸಿ, ಬಿಸಿನೀರಿನ ಬಾಟಲಿ ಇಟ್ಟರು. ಅವ್ವ ಬಾಗಿಲಲ್ಲೇ ನಿಂತಳು, ಹತ್ತಿರ ಬರಲಿಲ್ಲ. ಮೊದಲು ನಾಲಿಗೆ ಅಲುಗಿತು. ಆಮೇಲೆ ಕಣ್ಣು. ಆ ಕಣ್ಣು ಯಾರನ್ನೂ ಗುರುತಿಸಲಿಲ್ಲ, ಆದರೂ ತೆರೆದಿತ್ತು.

ಈಗ ಕೆಲವು ವಾರವಾಗಿದೆ. ಹೊಲಿಗೆ ತಾನೇ ಕರಗಿತು. ಊತ ಮತ್ತೆ ಬಂದಿಲ್ಲ. ಬರುವುದೇ ಇಲ್ಲ ಎಂದು ಯಾರೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ದಿನಾ ಬೆಳಿಗ್ಗೆ ಏಳುತ್ತಲೇ ಎಡಗಣ್ಣಿನ ಕೆಳಗೆ ನೋಡುವ ಭಯ ಇನ್ನೂ ಹೋಗಿಲ್ಲ. ಆ ಡಾಕ್ಟರಮ್ಮನ ಕೈ ತಣ್ಣಗಿರಲಿ ಎಂದು ಅವ್ವ ಪೂಜೆಯಲ್ಲಿ ಬೇಡಿಕೊಳ್ಳುತ್ತಾಳೆ. ಮಾವ ಶೆಡ್ಡಿನ ಮಾತು ಎತ್ತುವುದಿಲ್ಲ, ಫೋನ್ ಮಾಡಿದಾಗ ಮೊದಲು ಕೇಳುವುದು ಕೆಂಪಿ ಉಂಡಿತೇ ಎಂದು.

ಬಾಕಿ ಹಲ್ಲುಗಳನ್ನು ತುಟಿ ಎತ್ತಿ ದಿನಾ ನೋಡಬೇಕು, ಮೆತ್ತನೆಯ ಬ್ರಷ್ಷಿನಿಂದ ತಿಕ್ಕಬೇಕು ಎಂದು ಡಾಕ್ಟರಮ್ಮ ಹೇಳಿದ್ದಾರೆ. ನಾನು ಮಾಡುತ್ತೇನೆ ಎಂದರೆ ಅವ್ವ ಬಿಡುವುದಿಲ್ಲ. ಸಂಜೆ ಅಂಗಳದಲ್ಲಿ ಕೆಂಪಿಯ ಎದುರು ಕುಳಿತು ಕೈ ಮುಂದೆ ಮಾಡುತ್ತಾಳೆ. ಕಿವಿಯ ತನಕ ಬಿಡುತ್ತದೆ. ಕತ್ತು ಸವರಿದರೆ ಕಣ್ಣು ಮುಚ್ಚುತ್ತದೆ. ಬೆರಳು ಗಲ್ಲದ ಕಡೆ ಬಂದರೆ ಮುಖ ಆ ಕಡೆ ತಿರುಗಿಸುತ್ತದೆ. ಗುರ್ ಎನ್ನುವುದಿಲ್ಲ, ತಿರುಗಿಸುತ್ತದೆ ಅಷ್ಟೇ. ಅವ್ವ ಕೈ ಅಲ್ಲೇ ನಿಲ್ಲಿಸಿ ಕಾಯುತ್ತಾಳೆ. ಒಮ್ಮೊಮ್ಮೆ ಕೆಂಪಿ ತಾನೇ ಮುಖ ಈ ಕಡೆ ತರುತ್ತದೆ. ಒಮ್ಮೊಮ್ಮೆ ತರುವುದಿಲ್ಲ.

ನಿನ್ನೆ ತರಲಿಲ್ಲ. ಅವ್ವ ಮೊಣಕಾಲು ಹಿಡಿದು ಎದ್ದಳು.

“ಇವತ್ತು ಬ್ಯಾಡ ಅಂದ್ಲು,” ಎಂದಳು. “ನಾಳಿ ಕೇಳೂಣು.”